ಹಾಸಿಗೆ ಹಿಡಿದವನಿಗೆ ಸಿಕ್ಕ ಕ್ಷಮೆ

ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ, ಕಪೆರ್ನೌಮಿನ ಮನೆಯೊಂದರ ಮಾಳಿಗೆ ಬಿಚ್ಚಿ, ನಾಲ್ವರು ಹೊತ್ತು ತಂದ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಅವರು ಬಂದದ್ದು ಅವನಿಗೆ ನಡೆಯುವ ಶಕ್ತಿ ಬೇಡಿ. ಯೇಸು ಮೊದಲು ಕೊಟ್ಟದ್ದು ಪಾಪಕ್ಷಮೆ. ಈ ಕ್ರಮವನ್ನೇ ಹಿಡಿದು, ಪಾಪವೇ ರೋಗದ ಬೇರು ಎಂದು ತೀರ್ಮಾನಿಸುವವರಿದ್ದಾರೆ. ಕಥನ ಹಾಗೆ ಹೇಳುವುದಿಲ್ಲ. ಕ್ಷಮೆಯ ಮಾತು ಮುಗಿದ ಮೇಲೂ ಅವನು ಹಾಸಿಗೆಯಲ್ಲೇ ಇದ್ದ. ಅಲ್ಲಿದ್ದ ಶಾಸ್ತ್ರಿಗಳು ಆ ಕ್ಷಮೆಯ ಮಾತಿಗೆ ಮನಸ್ಸಿನಲ್ಲೇ ಆಕ್ಷೇಪಿಸಿದ ಬಳಿಕವಷ್ಟೇ ಎದ್ದು ನಡೆಯುವ ಅಪ್ಪಣೆ ಬಂತು. ರೋಗ ಪಾಪದ ನೇರ ಫಲವಾಗಿದ್ದರೆ ಕ್ಷಮೆಯೊಂದಿಗೇ ತೊಲಗಬೇಕಿತ್ತು. ಕಣ್ಣಿಗೆ ಕಾಣದ ಕ್ಷಮೆಯನ್ನು ಕೊಡುವ ಅಧಿಕಾರ ಯೇಸುವಿಗೆ ಇದೆ ಎಂಬುದಕ್ಕೆ ಗುಣವಾದ ದೇಹ ಇಲ್ಲಿ ಸಾಕ್ಷಿಯಾಗಿ ನಿಂತಿದೆ.

ಯೋಹಾನನ 5ನೇ ಅಧ್ಯಾಯದಲ್ಲಿ, 38 ವರ್ಷ ನರಳಿ ಗುಣವಾದವನಿಗೆ ಇನ್ನು ಪಾಪ ಮಾಡಬೇಡವೆಂದು ಯೇಸು ಎಚ್ಚರಿಸಿದ್ದನ್ನು ಯಾರಾದರೂ ಮುಂದಿಡಬಹುದು. ಅದು ತೂಕದ ಆಕ್ಷೇಪವೇ; ಕೆಲವು ನೋವುಗಳಿಗೆ ನಮ್ಮ ನಡತೆಯೇ ಕಾರಣ. ಆದರೆ ಅದೇ ಸುವಾರ್ತೆಯ 9ನೇ ಅಧ್ಯಾಯದಲ್ಲಿ, ಹುಟ್ಟುಕುರುಡನ ಸ್ಥಿತಿಗೆ ಅವನ ಪಾಪವೂ ಕಾರಣವಲ್ಲ, ಹೆತ್ತವರ ಪಾಪವೂ ಅಲ್ಲ ಎಂದು ಯೇಸು ಸ್ಪಷ್ಟಪಡಿಸುತ್ತಾನೆ. ಒಬ್ಬನಿಗೆ ಹೇಳಿದ್ದನ್ನು ಎಲ್ಲ ರೋಗಿಗಳ ತಲೆಗೆ ಕಟ್ಟಲಾಗದು. ಗುಣವಾಗದಿದ್ದರೆ ನಂಬಿಕೆ ಸಾಲದೆನ್ನುವವರೂ ಇದ್ದಾರೆ. ಪೌಲನನ್ನೇ ನೋಡಿ: ಶರೀರದ ಮುಳ್ಳು ತೊಲಗಲೆಂದು ಮೂರು ಸಲ ಬೇಡಿದ, ಅದು ತೊಲಗಲಿಲ್ಲ, ಕೃಪೆ ಸಿಕ್ಕಿತು. ಅವನಿಗೆ ನಂಬಿಕೆ ಸಾಲದೆನ್ನುವ ಧೈರ್ಯ ಯಾರಿಗಿದೆ? ಹಾಗಾದರೆ ಗುಣಕ್ಕಾಗಿ ಪ್ರಾರ್ಥಿಸುವುದೇಕೆ ಎನ್ನಬಹುದು. ಯಾಕೋಬನ ಪತ್ರಿಕೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಸಭೆಯ ಹಿರಿಯರನ್ನೇ ಕರೆಸಲು ಹೇಳುತ್ತದೆ, ಆದರೆ ರೋಗಿ ಪಾಪ ಮಾಡಿರಲೇಬೇಕೆಂದು ಎಣಿಸುವುದಿಲ್ಲ. ಹಾಸಿಗೆಯ ಪಕ್ಕ ಕುಳಿತು ಗುಟ್ಟಿನ ಪಾಪ ಕೆದಕುವುದು ಕ್ರೌರ್ಯ. ಯೋಬನ ಗೆಳೆಯರು ಅದನ್ನೇ ಮಾಡಿ ದೇವರ ಕೋಪಕ್ಕೆ ಗುರಿಯಾದರು.