ಉಳಿದ ನೋವೇ ಪರೀಷಹ

ರೋಗವು ೨೨ ಪರೀಷಹಗಳಲ್ಲಿ ಒಂದು. ಹಾಗಿರುವಾಗ ಬಹುಕಾಲದ ನೋವಿಗೆ ನಿತ್ಯವೂ ಮಾತ್ರೆ ಸೇವಿಸುವ ಶ್ರಾವಕನು ಸಹನೆಯಿಂದ ಜಾರಿದಂತಾಗುವುದಿಲ್ಲವೇ ಎಂಬ ಶಂಕೆ ನಮ್ಮಲ್ಲಿ ಹಲವರಿಗುಂಟು.

ಒಂದು ದೃಷ್ಟಾಂತವನ್ನು ನೋಡೋಣ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನೆಲುಬಿನ ಉರಿಯೂತವು ಸಾಮಾನ್ಯವಾಗಿ ತಾರುಣ್ಯದಲ್ಲಿಯೇ ತಲೆದೋರುತ್ತದೆ. ನೋವು ಅಪರರಾತ್ರಿಯಲ್ಲಿ ಎಚ್ಚರಗೊಳಿಸುತ್ತದೆ. ಬೆಳಗ್ಗೆ ಬೆನ್ನು ಸೆಟೆದಿರುತ್ತದೆ. ವಿಶ್ರಾಂತಿಯಿಂದ ತಗ್ಗದ ನೋವು ನಡೆದಾಡಿದರೆ ತಗ್ಗುತ್ತದೆ. ಕ್ಷಕಿರಣ ಚಿತ್ರದಲ್ಲಿ ವಿಕಾರ ಕಾಣಲು ವರ್ಷಗಳೇ ಹಿಡಿಯಬಹುದಾದುದರಿಂದ ರೋಗನಿರ್ಣಯವು ಬಹಳ ತಡವಾಗುವುದುಂಟು. ಅಷ್ಟರಲ್ಲಿ ರೋಗಿಯು ಸೋಮಾರಿಯೆಂದೂ, ಸಾಮಾಯಿಕದಲ್ಲಿ ಸ್ಥಿರವಾಗಿ ಕೂರಲಾರದವನೆಂದೂ ಸ್ವಜನರಿಂದಲೇ ನಿಂದೆಗೆ ಗುರಿಯಾಗಿರುತ್ತಾನೆ.

ನೋವು ತಾನಾಗಿಯೇ ತಪಸ್ಸಲ್ಲ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನಾಜನ್ಯವೂ ಒಂದೆಂಬುದನ್ನು ಮರೆಯಬಾರದು. ನೋವಿನ ಚಿಂತೆಯಲ್ಲಿಯೇ ಮುಳುಗಿದ ಚಿತ್ತಕ್ಕೆ ಕರ್ಮಬಂಧವಾಗುತ್ತದೆ. ನಿರ್ಜರೆಗೆ ಬೇಕಾದುದು ಸಮಭಾವ. ಸ್ವಾಧ್ಯಾಯಕ್ಕೆ ಮನಸ್ಸನ್ನು ಬಿಡಿಸಿಕೊಡುವ ಔಷಧವು ಧರ್ಮಕ್ಕೆ ಸಹಾಯಕವೇ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಸೇರಿದೆ. ಕೊಡುವುದು ಪುಣ್ಯವಾದರೆ, ಅಗತ್ಯವಿದ್ದವನು ಸ್ವೀಕರಿಸುವುದು ದೋಷವಾದೀತೇ? ೯ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನೇ ರಚಿಸಿ, ಅಹಿಂಸೆಗೆ ಒಪ್ಪುವ ಚಿಕಿತ್ಸೆಯನ್ನು ನಿರೂಪಿಸಿದರು.

ಆದರೂ ಔಷಧವು ಈ ರೋಗವನ್ನು ನಿರ್ಮೂಲಗೊಳಿಸಲಾರದು. ನೋವನ್ನು ಹತೋಟಿಯಲ್ಲಿಡಬಲ್ಲದು, ಅಷ್ಟೆ. ಚಿಕಿತ್ಸೆಯ ಬಳಿಕವೂ ಉಳಿಯುವ ನೋವೇ ಶ್ರಾವಕನ ಪಾಲಿನ ನಿಜವಾದ ಪರೀಷಹ.

ಇನ್ನು ಉಪವಾಸದ ವಿಚಾರ. ಉರಿಯೂತಶಾಮಕ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗುವ ಭಯವಿರುವುದರಿಂದ ಆಹಾರದೊಡನೆ ಸೇವಿಸಲು ವೈದ್ಯರು ಹೇಳುತ್ತಾರೆ. ನೀರನ್ನೂ ತ್ಯಜಿಸಿದ ದಿನ ಅವು ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. ಆದುದರಿಂದ ದಶಲಕ್ಷಣ ಪರ್ವಕ್ಕೆ ಮುನ್ನವೇ ವೈದ್ಯರನ್ನು ಕೇಳಿ, ಬಳಿಕ ನಿಯಮ ಸ್ವೀಕರಿಸಬೇಕು. ಮಾತ್ರೆಯನ್ನು ತಾನಾಗಿ ನಿಲ್ಲಿಸಕೂಡದು. ಸೂರ್ಯಾಸ್ತದೊಳಗೆ ಸೇವಿಸುವಂತೆ ವೇಳೆ ಗೊತ್ತುಮಾಡಲು, ಪ್ರಾಣಿಜನ್ಯ ಜಿಲೆಟಿನ್ ಕವಚದ ಬದಲು ಬೇರೆ ಮಾತ್ರೆ ಬರೆಯಲು ವಿನಂತಿಸಬಹುದು. ಅನಶನವು ಆರು ಬಾಹ್ಯತಪಗಳಲ್ಲಿ ಒಂದು ಮಾತ್ರ. ಅದು ಸಾಧ್ಯವಾಗದವನಿಗೆ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಷೋಡಶಕಾರಣ ಭಾವನೆಗಳು ಬೋಧಿಸುವುದೂ ಶಕ್ತಿಗನುಗುಣವಾದ ತಪವನ್ನೇ.

ಮನೆಯಲ್ಲಿ ತರುಣನೊಬ್ಬನ ಬೆನ್ನುನೋವು ಮೂರು ತಿಂಗಳು ಮೀರಿದರೆ ಆತನ ಶ್ರದ್ಧೆಯನ್ನು ಶಂಕಿಸಬೇಡಿರಿ. ಸಂಧಿವಾತ ತಜ್ಞರಲ್ಲಿಗೆ ಕರೆದೊಯ್ಯಿರಿ. ಅದೂ ವೈಯಾವೃತ್ಯವೇ.