ಅರಿಯದಿರುವುದು ನಿರ್ದೋಷವೇ?

ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟೆಂದು ಲೋಕವು ನಂಬಿಕೊಂಡು ಬಂದಿದೆ. ಆದರೆ ತಿಳಿಯಲು ಸಾಧನವಿದ್ದೂ, ತಿಳಿದರೆ ಹೊಣೆ ಹೆಗಲೇರುವುದೆಂದು ಅಂಜಿ ತಿಳಿಯದೆಯೇ ಉಳಿದವನಿಗೂ ಆ ಕ್ಷಮೆ ಸಲ್ಲುವುದೇ? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ನಿಮ್ಮ ಹಿತ್ತಲ ಬಾವಿಯ ಪ್ರಶ್ನೆ.

ಕುಮುದ್ವತಿಯ ದಡದ ಶಿಕಾರಿಪುರದವರಿಗಾಗಲಿ, ದಂಡಾವತಿಯ ದಡದ ಸೊರಬದವರಿಗಾಗಲಿ ನೀರಿನ ಮಹಿಮೆಯನ್ನು ಹೇಳಿಕೊಡಬೇಕಾಗಿಲ್ಲ. ನೀರನ್ನು ಪಾದೋದಕವೆಂದು ಶಿರಸಾವಹಿಸುವ ಜನ ನಾವು. ಇಲ್ಲಿನ ಜಂಬಿಟ್ಟಿಗೆಯ ನೆಲವು ಮಳೆಯ ನೀರನ್ನು ತನ್ನ ರಂಧ್ರಗಳಲ್ಲಿ ಬೇಗನೆ ಇಳಿಸಿಕೊಂಡು ಬಾವಿಗೆ ಮುಟ್ಟಿಸುತ್ತದೆ. ನೀರಿಗೆ ತೆರೆದ ಆ ದಾರಿಯನ್ನು ಅದು ಪೆಟ್ರೋಲಿಗೆ ಮುಚ್ಚಲಾರದು. ರಸ್ತೆಬದಿಯ ಬಂಕಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಪಂಪು ಮಾತ್ರ. ಸಾವಿರಾರು ಲೀಟರಿನ ಟ್ಯಾಂಕುಗಳು ನೆಲದೊಳಗಿವೆ. ಹಳೆಯ ಉಕ್ಕು ತುಕ್ಕು ಹಿಡಿದು ಹನಿಯತೊಡಗಿದರೆ ಮೇಲೆ ನಡೆದಾಡುವವರಿಗೆ ಸುಳಿವೇ ಇರದು.

ಆ ಹನಿಯ ಲೆಕ್ಕವನ್ನಾದರೂ ನೋಡಿ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 1ರವರೆಗೆ ಬೆಂಜೀನ್ ಇರಬಹುದು. ಅದು ರಕ್ತದ ಕ್ಯಾನ್ಸರನ್ನು ತರಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ 1 ಲೀಟರ್ ಪೆಟ್ರೋಲಿನ ಬೆಂಜೀನ್ 8 ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ವಾಸನೆ ಬಂದಾಗ ನೋಡಿಕೊಳ್ಳೋಣವೆನ್ನುವಂತಿಲ್ಲ. ಮೂಗಿಗೆ ಬೆಂಜೀನ್ ತಿಳಿಯುವ ವೇಳೆಗೆ ಮಿತಿ ಎಂದೋ ಮೀರಿರುತ್ತದೆ. 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ನೆಲದಡಿಯ ಕೊಳವೆ ಸೋರಿ, ಮನೆಗಳ ಕೊಳವೆಬಾವಿಯ ನೀರಿನಲ್ಲಿ ಇಂಧನವೇ ಬಂದಿತು. ಜನರು ಅರಿತದ್ದು ಆಗ.

ಮೊದಲೇ ಅರಿಯುವ ಉಪಾಯ ಕಠಿಣವಲ್ಲ. ಟ್ಯಾಂಕಿನ ಸುತ್ತ ಕನಿಷ್ಠ ಮೂರು ಸಣ್ಣ ಪರೀಕ್ಷಾಬಾವಿಗಳನ್ನು ಕೊರೆದರೆ ಅಂತರ್ಜಲವು ಯಾವ ದಿಕ್ಕಿಗೆ ಹರಿಯುತ್ತದೆಂದು ಗೊತ್ತಾಗುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ. ಪಾರದರ್ಶಕ ನಳಿಗೆಯನ್ನು ಇಳಿಸಿ ಎತ್ತಿದರೆ ತೇಲುವ ಪೊರೆ ಕಾಣುತ್ತದೆ. ಕರಗಿಹೋದದ್ದನ್ನು ಪ್ರಯೋಗಾಲಯವೇ ಹೇಳಬೇಕು.

ಅದಕ್ಕೂ ಮುಂಚಿನ ಸಾಕ್ಷಿಯೊಂದಿದೆ, ಬಂಕಿನ ದಿನವಹಿ. ಪ್ರತಿದಿನ ಟ್ಯಾಂಕಿಗೆ ಅಳತೆಗೋಲನ್ನು ಇಳಿಸುತ್ತಾರೆ. ಬಂದದ್ದು, ಮಾರಿದ್ದು, ಉಳಿದದ್ದು ತಾಳೆಯಾಗಬೇಕು. ಪೆಟ್ರೋಲ್ ಆವಿಯಾಗುವಂಥದು, ಆದುದರಿಂದ ಅಲ್ಪ ಕೊರತೆ ಸಹಜವೆನ್ನುತ್ತಾರೆ. ಆ ಸಹಜದ ಮರೆಯಲ್ಲಿ ಸೋರಿಕೆಯೂ ಅಡಗಬಲ್ಲದು. ದಿನಕ್ಕೆ 2 ಲೀಟರಾದರೆ ವರ್ಷಕ್ಕೆ 730. ‘ಆವಿ’ ಎಂದು ಬರೆದ ಕೈಗೆ ಸುಳ್ಳು ಬರೆದೆನೆಂಬ ಅಳುಕೂ ಇರುವುದಿಲ್ಲ. ಸುಳ್ಳಿಗಿಂತ ಸೂಕ್ಷ್ಮವಾದ ದೋಷ ಇದು: ನಿಜವಿರಬಹುದಾದ ಮಾತನ್ನು, ಅನುಕೂಲವೆಂಬ ಒಂದೇ ಕಾರಣಕ್ಕೆ, ಪರೀಕ್ಷಿಸದೆ ನಂಬುವುದು. ಅಜ್ಞಾನವು ಇಲ್ಲಿ ಬಂದೊದಗಿದ್ದಲ್ಲ, ಆರಿಸಿಕೊಂಡದ್ದು. ಆರಿಸಿಕೊಂಡದ್ದಕ್ಕೆ ಹೊಣೆ ಉಂಟೆಂದೇ ನಮ್ಮ ಅಭಿಪ್ರಾಯ.

ಬಂಕಿನವರನ್ನಷ್ಟೇ ದೂಷಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ಗ್ಯಾರೇಜಿನ ಸುಟ್ಟ ಎಣ್ಣೆಯನ್ನು ಮಣ್ಣಿಗೆ ಸುರಿಯುವವರು, ಬಾವಿಯ ಕಟ್ಟೆಯ ಮೇಲೆಯೇ ಡೀಸೆಲ್ ಡಬ್ಬಿ ಇಟ್ಟು ಪಂಪ್‌ಸೆಟ್ಟಿಗೆ ತುಂಬುವವರು ನಮ್ಮ ನಡುವೆಯೇ ಇದ್ದಾರೆ.

ಏನೂ ಸಿಕ್ಕದಿದ್ದರೆ ಪರೀಕ್ಷೆಯ ಹಣ ವ್ಯರ್ಥವಲ್ಲವೇ ಎಂದು ನೀವು ಕೇಳಬಹುದು. ಶುದ್ಧವೆಂದು ಬಂದ ವರದಿಯನ್ನು ಜೋಪಾನವಾಗಿಡಿ; ಐದನೆಯ ವರ್ಷ ನೀರು ಬದಲಾದರೆ ಹೋಲಿಸಿ ನೋಡಲು ಬೇಕಾಗುವುದು ಅದೇ. ಮಠದ ಪ್ರಸಾದನಿಲಯದಲ್ಲಿ ಓದಿ ಇಂದು ರಸಾಯನಶಾಸ್ತ್ರವನ್ನು ಬೋಧಿಸುತ್ತಿರುವವರು ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಊರಿನ ಬಾವಿಗಳ ಮಾದರಿಯನ್ನು ತೆಗೆದು ಕಳುಹಿಸಬಹುದು. ಗಾಜಿನ ಶೀಸೆಯನ್ನು ಗಾಳಿಗೆ ಎಡೆಯಿಲ್ಲದಂತೆ ಕಂಠಮಟ್ಟ ತುಂಬಿ, ತಂಪಾಗಿ ಇಡಬೇಕು. ಇಲ್ಲವಾದರೆ ಬೆಂಜೀನ್ ದಾರಿಯಲ್ಲಿಯೇ ಹಾರಿಹೋಗುತ್ತದೆ.