ಉಣ್ಣೆಯೊಳಗಿನ ಬಯಲು

ಉಮರ್ಗಾದಿಂದ ಬಸವಕಲ್ಯಾಣದ ಕಡೆಗೆ ಹೊರಟರೆ ಗಡಿ ಎಲ್ಲಿ ದಾಟಿತೆಂದು ಮಣ್ಣು ಹೇಳುವುದಿಲ್ಲ. ಅದೇ ಎರೆ ಹೊಲ, ಅದೇ ಜೋಳ, ಅದೇ ಬನ್ನಿ ಜಾಲಿಗಳ ಹರಕು ನೆರಳು. ಆ ನೆರಳಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಅಂಜಿ ಒಂದರ ಹೊಟ್ಟೆಯಡಿ ಇನ್ನೊಂದು ಮುಖ ಹುದುಗಿಸಿ ನಿಂತ ಅವೇ ಕರಿಯ ದಖ್ಖನಿ ಕುರಿಗಳು. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗೆರೆ ಎಳೆದವರು ಕುರಿಗಳನ್ನು ಕೇಳಲಿಲ್ಲ, ಕುರಿ ಕಾಯುವವರೂ ಗೆರೆಯನ್ನು ಅಷ್ಟಾಗಿ ಗಮನಿಸಲಿಲ್ಲ; ಮಾತನ್ನು ಕನ್ನಡದಲ್ಲಿ ಎತ್ತಿ ಮರಾಠಿಯಲ್ಲಿ ಇಳಿಸುವ ಅವರ ಹೆಗಲಿನ ಮೇಲೆ ಕಂಬಳಿಯೂ ಘೋಂಗಡಿಯೂ ಆಗಿರುವ ಒಂದೇ ಬಟ್ಟೆ ಇರುತ್ತದೆ.

ಆ ಬಟ್ಟೆ ಹುಟ್ಟುವುದು ಮಗ್ಗದಲ್ಲಲ್ಲ, ಅದಕ್ಕೂ ಬಹಳ ಮುಂಚೆ, ಉಣ್ಣೆ ಎಕ್ಕುವ ಬಿಲ್ಲಿನ ಹೆದೆಯಲ್ಲಿ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಕತ್ತರಿಸಿ ತಂದ ಉಣ್ಣೆ ನೋಡಲು ಏನೂ ಚೆಂದವಿಲ್ಲ: ಬೆವರು, ಜಿಡ್ಡು, ಹಿಕ್ಕೆಯ ಪುಡಿ, ಹೊಲದ ಧೂಳು ಎಲ್ಲ ಅಂಟಿ ಗಂಟುಗಂಟಾದ ಕಪ್ಪು ಮುದ್ದೆ. ಒಂದು ದಖ್ಖನಿ ಕುರಿ ಇಡೀ ವರ್ಷ ಅಲೆದು ಕೊಡುವುದು ಒಂದು ಕಿಲೋಗಿಂತ ಕಡಿಮೆ, ಅದೂ ಒರಟು, ಅರ್ಧ ಉಣ್ಣೆ ಅರ್ಧ ಕೂದಲು. ಅದನ್ನು ಬೆರಳಲ್ಲಿ ಹಿಂಜಿ, ನೆಲದ ಮೇಲೆ ಹರವಿ, ಅದರ ಮೇಲೆ ಬಿಲ್ಲನ್ನು ಅಡ್ಡಲಾಗಿ ತೂಗಿಸಿ, ಮರದ ಕೊಡತಿಯಿಂದ ಹೆದೆಯನ್ನು ಮೀಟುತ್ತಾರೆ. ಹೆದೆ ರಾಶಿಯ ಅಂಚನ್ನು ಸೋಕಿಯೂ ಸೋಕದಂತೆ ನಡುಗುತ್ತದೆ, ಆ ನಡುಕ ಉಣ್ಣೆಗೆ ದಾಟುತ್ತದೆ, ಸಿಕ್ಕಿನೊಳಗೆ ಮುಖ ಮುಚ್ಚಿಕೊಂಡಿದ್ದ ಎಳೆಗಳು ಒಂದೊಂದಾಗಿ ಎದ್ದು, ಧೂಳನ್ನು ಕೆಳಗೆ ಬಿಟ್ಟು, ತಾವು ಮಾತ್ರ ಮೇಲೇಳುತ್ತವೆ. ಮೊಣಕಾಲಿನಷ್ಟೂ ಇಲ್ಲದ ಎತ್ತರದಲ್ಲಿ, ಕಿಟಕಿಯ ಬಿಸಿಲು ಬಿದ್ದಲ್ಲಿ, ಒಂದು ಕಪ್ಪು ಮೋಡ ತೂಕವಿಲ್ಲದೆ ಉಸಿರಾಡುತ್ತದೆ.

ಒಳ್ಳೆಯ ಬಿಲ್ಲನ್ನು ಆರಿಸುವುದು ಕಣ್ಣಿನ ಕೆಲಸಕ್ಕಿಂತ ಹೆಚ್ಚಾಗಿ ಕಿವಿಯ ಕೆಲಸ. ದಂಡ ನೇರವಾಗಿದೆಯೇ, ತುದಿ ಬಿರುಕು ಬಿಟ್ಟಿದೆಯೇ, ಎತ್ತಿ ಹಿಡಿದರೆ ತೂಕ ಎರಡೂ ಕಡೆ ಸಮನಾಗಿ ನಿಲ್ಲುತ್ತದೆಯೇ ಎಂದು ನೋಡಿದ ಮೇಲೂ ಕೊನೆಯ ತೀರ್ಪು ಹೆದೆಯದೇ. ಬಿಗಿ ಹೆಚ್ಚಾದರೆ ಅದು ಚುರುಕಾಗಿ ಕೂಗುತ್ತದೆ, ಎಳೆ ತುಂಡಾಗುತ್ತದೆ. ಸಡಿಲವಾದರೆ ಗೊಣಗುತ್ತದೆ, ಉಣ್ಣೆ ಅದಕ್ಕೆ ಸುತ್ತಿಕೊಂಡು ಮತ್ತೆ ಸಿಕ್ಕಾಗುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಸ್ವರವಿದೆ. ಸಂಗೀತ ಕಲಿಯದವರೂ ತಲೆ ಸ್ವಲ್ಪ ವಾಲಿಸಿ, ಕಣ್ಣು ಎಲ್ಲೋ ನೆಟ್ಟು, ಹುಡುಕಿ ಹಿಡಿಯುವ ಸ್ವರ ಅದು.

ಆ ಹೆದೆ ಏನೆಂದು ನೆನೆದರೆ ಮಾತು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದು ಕರುಳು. ತೊಳೆದು, ಹಸಿಯಿರುವಾಗಲೇ ಹುರಿಗೊಳಿಸಿ, ಎಳೆದು ಒಣಗಿಸಿದ ಪ್ರಾಣಿಯ ಕರುಳು. ಒಂದು ಕಾಲಕ್ಕೆ ಹುಲ್ಲನ್ನು ಒಳಗೆ ಸಾಗಿಸಿದ್ದು, ಆ ಹುಲ್ಲೇ ಹೊರಗೆ ಉಣ್ಣೆಯಾಗಿ ಬೆಳೆದದ್ದು, ಈಗ ಒಳಗಿನದು ಹೊರಗಿನದನ್ನು ಬಿಡಿಸುತ್ತ ಹಾಡುತ್ತಿರುವುದು. ಇದನ್ನು ಕ್ರೌರ್ಯವೆನ್ನಬೇಕೋ ಕರುಣೆಯೆನ್ನಬೇಕೋ ನಾನು ತೀರ್ಮಾನಿಸಿಲ್ಲ. ಕೇಳುತ್ತ ಕೂತಾಗ ತೀರ್ಮಾನದ ಅವಸರವೂ ಇರುವುದಿಲ್ಲ.

ಇಷ್ಟೆಲ್ಲ ನಡುಗಿಸಿ ಆ ಬಿಲ್ಲು ಉಣ್ಣೆಗೆ ಕೊಟ್ಟದ್ದಾದರೂ ಏನು? ಬರೀ ಗಾಳಿ. ಕಂಬಳಿ ಬೆಚ್ಚಗಿರುವುದು ಉಣ್ಣೆಯಿಂದ ಮಾತ್ರವಲ್ಲ. ಸುರುಳಿಯಾದ ಎಳೆಗಳ ಸಂದಿಯಲ್ಲಿ ಅಲುಗಾಡದೆ ನಿಂತ ಗಾಳಿಯೇ ಮೈಯ ಕಾವನ್ನು ಹೊರಬಿಡದೆ ಕಾಯುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದ ಹತ್ತಿರ ತೇವವನ್ನು ಕುಡಿದರೂ ಉಣ್ಣೆ ಒದ್ದೆಯೆನಿಸುವುದಿಲ್ಲ. ತೇರಣಾ, ಮಾಂಜರಾ ತೀರಗಳಲ್ಲಿ ಪುಷ್ಯದ ಚಳಿಗೆ ಬಯಲಲ್ಲೇ ಮಲಗುವವನು ಹೊದೆಯುವುದು, ಹಾಗೆ ನೋಡಿದರೆ, ಕಪ್ಪು ನೂಲಿನಲ್ಲಿ ಹಿಡಿದಿಟ್ಟ ಇನ್ನೊಂದು ಬಯಲನ್ನೇ. ಹನ್ನೆರಡನೇ ಶತಮಾನದಲ್ಲಿ ಇದೇ ಸೀಮೆಯ ಕಲ್ಯಾಣದಲ್ಲಿ ಶರಣ ಅಲ್ಲಮ ಕೂತ ಪೀಠವನ್ನು ಶೂನ್ಯವೆಂದೇ ಕರೆದರು. ನೂಲುವ ಕದಿರನ್ನು ಹೆಸರಿನಲ್ಲೇ ಹೊತ್ತ ರೆಮ್ಮವ್ವೆ ಅದೇ ಶರಣರ ಸಾಲಿನವಳು. ರಾಶಿ ಉಬ್ಬಿ, ಉಬ್ಬಿದ್ದು ಹಂಜಿಯಾಗಿ, ಹಂಜಿ ಕದಿರಿಗೆ ಸಾಗಿ ನೂಲಾಗುವುದನ್ನು ದಿನವೂ ಕಂಡವರಿಗೆ ಬಯಲಿನ ಮಾತು ದೂರದ್ದಾಗಿ ಕೇಳಿರಲಾರದು.

ಉಣ್ಣೆ ಎಕ್ಕಲು ಬಿಲ್ಲಲ್ಲದೆ ಹಲ್ಲಿನ ಹಲಗೆಗಳೂ ಇವೆ, ಕೈಯಲ್ಲಿ ಹಿಡಿದು ಒಂದರ ಮೇಲೊಂದು ಎಳೆಯುವಂಥವು. ಪೇಟೆಯ ಕುಶಲಿಗರು ಈಗ ಕೊಳ್ಳುವುದು ಅವನ್ನೇ. ಅವುಗಳ ಹಲ್ಲು ನೇರ ತಂತಿಯಲ್ಲ, ನಡುವಿನಲ್ಲಿ ಮೊಣಕಾಲಿನಂತೆ ಬಾಗಿರುತ್ತದೆ, ಆ ಬಾಗಿನಲ್ಲೇ ಎಲ್ಲ ನಾಜೂಕು. ನವಿರಾದ ಮೆರಿನೋ ಉಣ್ಣೆಗೆ ತಕ್ಕ ಒತ್ತು ಹಲ್ಲಿನ ಹಲಗೆ ನಮ್ಮ ದಖ್ಖನಿ ಉಣ್ಣೆಗೆ ಸಿಕ್ಕರೆ ಕೆಲವೇ ದಿನಗಳಲ್ಲಿ ಅದರ ಹಲ್ಲು ಸೊಟ್ಟಗಾಗುತ್ತದೆ. ಇದಕ್ಕೆ ದಪ್ಪ ತಂತಿಯ, ವಿರಳ ಹಲ್ಲಿನದೇ ಬೇಕು. ಎಡಗೈಯದು ಯಾವುದು, ಬಲಗೈಯದು ಯಾವುದು ಎಂದು ಗುರುತು ಹಾಕಿಟ್ಟರೆ ಹಲ್ಲು ಆ ಕೈಯ ಎಳೆತವನ್ನು ಕಲಿಯುತ್ತದೆ. ಕರಿ ಉಣ್ಣೆಗೂ ಬಿಳಿ ಉಣ್ಣೆಗೂ ಬೇರೆ ಜೋಡಿ ಒಳ್ಳೆಯದು, ಇಲ್ಲವಾದರೆ ಒಂದರ ನೆನಪು ಇನ್ನೊಂದರಲ್ಲಿ ಉಳಿಯುತ್ತದೆ. ಯಂತ್ರದ ಕಥೆಯೂ ಹಳೆಯದೇ: ಇಂಗ್ಲೆಂಡಿನಲ್ಲಿ ಲೂಯಿಸ್ ಪಾಲ್ ಮತ್ತು ಡೇನಿಯಲ್ ಬೋರ್ನ್ ಬೇರೆಬೇರೆಯಾಗಿ ಎಕ್ಕುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1748ರಲ್ಲಿ, ಮರಾಠರೂ ನಿಜಾಮನೂ ಉದಗೀರಿನಲ್ಲಿ ಕಾದಾಡಿದ್ದು 1760ರಲ್ಲಿ. ಎರಡರಲ್ಲಿ ಯಾವುದು ಇಲ್ಲಿನ ಬದುಕನ್ನು ಹೆಚ್ಚು ಅಲುಗಿಸಿತೆಂದು ಕೇಳಿದರೆ ಉದಗೀರಿನ ಕೋಟೆಯ ಕಡೆ ಬೆರಳು ತೋರಿಸಲು ನನಗೆ ಮನಸ್ಸು ಬರುವುದಿಲ್ಲ.

ಮಳೆಗಾಲದಲ್ಲಿ ಕರುಳಿನ ಹೆದೆ ತೇವ ಹೀರಿ ಶ್ರುತಿ ಕಳೆದುಕೊಳ್ಳುತ್ತದೆ. ಆಗ ಅದನ್ನು ಸಡಿಲಿಸಿ, ಸುತ್ತಿಕೊಂಡ ಎಳೆಗಳನ್ನು ಬೆರಳಿನಿಂದ ಬಿಡಿಸಿ, ಇಲಿಗೆ ಎಟುಕದ ಕಡೆ, ಒಲೆಯ ಹೊಗೆಗೂ ಗೋಡೆಯ ತಂಪಿಗೂ ದೂರವಾಗಿ ತೂಗುಹಾಕುವುದೇ ಕ್ಷೇಮ. ಹಲಗೆಗಳನ್ನು ಮುಖಕ್ಕೆ ಮುಖ ಕೊಟ್ಟು ಕಟ್ಟಿ, ಜೊತೆಗೆ ಒಣಗಿದ ಬೇವಿನ ಎಲೆ ಇಟ್ಟರೆ ಉಳಿದ ಎಳೆಗಳಿಗೆ ನುಸಿಯ ಭಯ ಕಡಿಮೆ. ಖಂಡೇನವಮಿಯ ದಿನ ಕುಡಗೋಲು, ಕತ್ತರಿ, ಕುಂಟೆಗಳ ಪಕ್ಕದಲ್ಲಿ ಬಿಲ್ಲಿಗೂ ಒಂದು ಜಾಗ. ದೇವರನ್ನು ಖಂಡೋಬನೆಂದು ಕರೆದರೂ ಖಾನಾಪುರದ ಮೈಲಾರ ಮಲ್ಲಣ್ಣನೆಂದು ಕರೆದರೂ ಭಂಡಾರದ ಅರಿಶಿನ ಒಂದೇ ಬಣ್ಣದ್ದು, ಅದು ದಂಡದ ಸವೆದ ಹಿಡಿಕೆಯಲ್ಲಿ ಬೆವರಿನ ಕಲೆಯ ಮೇಲೆ ಕೂರುತ್ತದೆ.

ದಸರೆ ಕಳೆದು ಗಾಳಿ ಒಣಗಿದಾಗ ಹೆದೆ ಮತ್ತೆ ಬಿಗಿಯಾಗುತ್ತದೆ. ಆದರೆ ಅದನ್ನು ಮೀಟುವ ಮೊದಲು ಹೊಸ ಉಣ್ಣೆಯಿಂದ ಮುಳ್ಳು ಆರಿಸಬೇಕು. ಯಾವ ಬಿಲ್ಲೂ ಈ ಕೆಲಸ ಮಾಡಿಕೊಡುವುದಿಲ್ಲ. ನೆಗ್ಗಿಲು ಸಿಕ್ಕರೆ ಹಿಂಡು ಖಾಲಿ ಬಿದ್ದ ಹೊಲ ಹಾಯ್ದಿದೆ, ಉತ್ತರಾಣಿ ಸಿಕ್ಕರೆ ಬೇಲಿಯ ಮಗ್ಗುಲಲ್ಲಿ ನುಸುಳಿದೆ. ಹೆಂಗಸರು ಸುತ್ತ ಕೂತು ಬೆರಳ ತುದಿಯಿಂದ ಒಂದೊಂದನ್ನೇ ಕೀಳುತ್ತ, ಇದು ನಿಲಂಗಾದ ಕಡೆಯದೋ ಔರಾದದ ಕಡೆಯದೋ ಎಂದು ವಾದ ಹೂಡುತ್ತಾರೆ, ಮತ್ತು ಮುಳ್ಳಿನ ರಾಶಿ ಉಣ್ಣೆಯ ರಾಶಿಗಿಂತ ಬೇಗ ಬೆಳೆಯುತ್ತದೆಂದು ಬೈಯುತ್ತಾರೆ.